ಎರಡನೇ ಬುಧವಾರ, ಹನ್ನೆರಡು ಗಂಟೆ

ಜನವರಿ 12, ಸೋಮವಾರ. ಬೆಳಿಗ್ಗೆ 7.10

ಇವತ್ತೂ ಬಿಡುಗಡೆ ಇಲ್ಲ. ಚಹಾ ಕುಡಿದು ಬಾಕಿ ಪಟ್ಟಿ ತೆಗೆದೆ. ನಿನ್ನೆ ಏಳಿದ್ದದ್ದು ಇವತ್ತು ಒಂಬತ್ತಾಗಿದೆ. ಭಾನುವಾರ ಜನ ವಿಶ್ರಾಂತಿ ತೆಗೆದುಕೊಳ್ಳುತ್ತಾರೆ ಎಂದು ಯಾರು ಹೇಳಿದರೋ.

ನಮ್ಮ ಸಾಫ್ಟ್‌ವೇರ್ 'ಸರದಿ'ಯ ಹಿಂದಿನ ಆವೃತ್ತಿ ಹೊರಬಂದು ಹದಿನಾಲ್ಕು ತಿಂಗಳು. ಯಾಕೆ ತಡ ಎಂದು ಯಾರನ್ನೇ ಕೇಳಿ, ಉತ್ತರ ಒಂದೇ — "ಇದೊಂದು ಆಗಿಬಿಡಲಿ." ನನ್ನ ಇಬ್ಬರು ಜೊತೆಗಾರರಿಗೆ ನಾನಿಟ್ಟ ಹೆಸರು ತುರ್ತು, ಬಂಡೆ. ತುರ್ತುವಿನದು ಒಂದು 'ಇದೊಂದು'. ಬಂಡೆಯದು ಇನ್ನೊಂದು. ನನ್ನದಂತೂ ಎಲ್ಲರದಕ್ಕಿಂತ ದೊಡ್ಡದು, 'ಕೈಬದಲು' — ಒಂದು ಯಂತ್ರ ಕೆಟ್ಟು ಮಲಗಿದರೆ ಅದರ ಬಳಿ ಇದ್ದ ಕೆಲಸ ತಾನಾಗಿ ಪಕ್ಕದ ಯಂತ್ರಕ್ಕೆ ಹೋಗುವ ಏರ್ಪಾಡು. ಮೂರು ವರ್ಷದಿಂದ ಬರೆಯುತ್ತಿದ್ದೇನೆ. "ಇನ್ನೊಂದು ವಾರ" ಎಂದು ಹೇಳಿ ಹೇಳಿ ನಾಲಿಗೆಗೆ ಅಭ್ಯಾಸವಾಗಿದೆ.

ಇವರ ಕನ್ನಡಕದ ಅಂಗಡಿಗೆ ಬಂದ ಗಿರಾಕಿಯೊಬ್ಬರು "ನಿಮ್ಮ ಮನೆಯವ್ರು ಏನು ಮಾಡ್ತಾರೆ?" ಎಂದು ಕೇಳಿದರಂತೆ. "ಕ್ಯೂ ನಿಲ್ಲಿಸ್ತಾಳೆ" ಅಂದರಂತೆ ಇವರು. ಇಪ್ಪತ್ತು ವರ್ಷದ ಸಂಸಾರದಲ್ಲಿ ಗಂಡನಿಗೆ ನನ್ನ ಕೆಲಸ ಅರ್ಥವಾದದ್ದು ಇಷ್ಟು! ಆದರೆ ತಪ್ಪು ಎನ್ನುವಂತೆಯೂ ಇಲ್ಲ. ಕಂಪ್ಯೂಟರಿಗೆ ಬರುವ ಕೆಲಸಗಳನ್ನು ಸಾಲಾಗಿ ನಿಲ್ಲಿಸಿ ಒಂದೊಂದನ್ನೇ ಒಳಗೆ ಬಿಡುವುದು, ಅಷ್ಟೇ ಸರದಿ. ಯಾರು ಬೇಕಾದರೂ ಬಿಟ್ಟಿಯಾಗಿ ಹಾಕಿಕೊಳ್ಳಬಹುದು, ಬಿಚ್ಚಿ ನೋಡಬಹುದು, ತಿದ್ದಿ ಕಳಿಸಬಹುದು. ಲೈಬ್ರರಿಗಳಲ್ಲಿದೆ, ಆಸ್ಪತ್ರೆಗಳಲ್ಲಿದೆ, ನೀರು ಸರಬರಾಜಿನ ಆಫೀಸಿನಲ್ಲಿದೆ. ಸರಿಯಾಗಿ ನಡೆಯುತ್ತಿದ್ದರೆ ಅಂಥದೊಂದು ಇದೆ ಎಂದೇ ಯಾರಿಗೂ ಗೊತ್ತಾಗುವುದಿಲ್ಲ.

ತಿದ್ದಿ ಕಳಿಸುವವರು ನೂರಾರು ಜನ. ನೋಡಿ ಒಪ್ಪಿ ಒಳಗೆ ಸೇರಿಸುವವರು ಮೂವರು. ನಾನು; ಪ್ರತಿ ಈಮೇಲಿನ ತಲೆಗೂ 'ತುರ್ತು' ಎಂದು ಬರೆಯುವ ತುರ್ತು; ಏನೇ ಹೇಳಿದರೂ ಜಾಗ ಬಿಟ್ಟು ಕದಲದ ಬಂಡೆ. ಮೂವರೂ ಮೂರು ಊರಲ್ಲಿ. ಹೊಟ್ಟೆಪಾಡಿಗೆ ನಾನು ಹತ್ತರಿಂದ ಎರಡರವರೆಗೆ ಕಾಲೇಜಿನ ಆಫೀಸಿನಲ್ಲಿ ಕೂರುತ್ತೇನೆ. ಉಳಿದ ಹೊತ್ತೆಲ್ಲ ಇದೇ.

ಸಾಕು. ಸ್ನಾನಕ್ಕೆ ಹೊತ್ತಾಯಿತು.

ಜನವರಿ 14, ಬುಧವಾರ. ಸಂಜೆ

ಲ್ಯಾಬಿನ ಅಕ್ಕನ ಮೇಲ್. ಮೂವತ್ತೊಂದು ರಕ್ತಪರೀಕ್ಷೆ ಲ್ಯಾಬುಗಳ ಕಂಪ್ಯೂಟರು ನೋಡಿಕೊಳ್ಳುವ ಹೆಂಗಸು. ವಯಸ್ಸು ನನಗಿಂತ ಹೆಚ್ಚೋ ಕಡಿಮೆಯೋ ಗೊತ್ತಿಲ್ಲ. ಬೈಯುವ ಹದ ನೋಡಿ ಎಲ್ಲರೂ ಅಕ್ಕ ಎಂದೇ ಕರೆಯುತ್ತೇವೆ. ಪೂರ್ತಿ ಇಲ್ಲಿ ಬರೆದಿಡುತ್ತೇನೆ, ಮರೆಯಬಾರದು:

"ಮೇಡಂ, ನಿಮ್ಮ ಸರದಿ ಒಳ್ಳೇದು. ಆದ್ರೆ ಹೊಸದು ಯಾವಾಗ ಬರುತ್ತೆ ಅಂತ ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ನಮ್ಮಲ್ಲಿ ರೂಲ್ ಇದೆ, ಹೊಸ ಆವೃತ್ತಿ ಬಂದ ಗಂಟೆಯೊಳಗೆ ಎಲ್ಲ ಯಂತ್ರಗಳೂ ತಾವಾಗೇ ಹಾಕ್ಕೊಳ್ತವೆ. ಆ ಹೊತ್ತಲ್ಲಿ ನಾನು ಸೀಟಲ್ಲಿ ಇರಲೇಬೇಕು. ಅದು ಯಾವ ದಿನ ಅಂತ ಗೊತ್ತಿಲ್ಲ, ಹಾಗಾಗಿ ದಿನಾ ಇರ್ತೀನಿ. ತಂಗಿ ಮನೆಗೆ ಹೋಗಿ ಮೂರು ವರ್ಷ ಆಯ್ತು. ಈ ತಿಂಗಳ ಕೊನೆಯೊಳಗೆ ಒಂದು ದಿನಾಂಕ ಹೇಳಿ. ಆಗಲ್ಲ ಅಂದ್ರೆ ಅದನ್ನೂ ಹೇಳಿ. ಬೇರೆ ಯಾವುದಾದ್ರೂ ನೋಡ್ಕೋತೀವಿ."

ಮೊದಲು ಸಿಟ್ಟು ಬಂತು. ಬಿಟ್ಟಿ ಕೊಟ್ಟದ್ದಕ್ಕೆ ಇಷ್ಟು ಮಾತೇ! ಆಮೇಲೆ ಎರಡನೇ ಸಲ ಓದಿದೆ. ಮೂರು ವರ್ಷ. ಕೈಬದಲಿಗೆ ಆದಷ್ಟೇ ವರ್ಷ. ಸಿಟ್ಟು ಇಳಿಯಿತು, ನಾಚಿಕೆಯಾಯಿತು.

ಈಕೆ ಬಿಟ್ಟರೆ ಮೂವತ್ತೊಂದು ಲ್ಯಾಬು ಹೋಗುತ್ತವೆ. ಅವರನ್ನು ನೋಡಿ ಇನ್ನಷ್ಟು. ಹೋದವರು ತಿರುಗಿ ಬರುವುದಿಲ್ಲ. ಕೈಯಾರೆ ಬೆಳೆಸಿದ, ಯಾರಿಗೂ ಬೇಡವಾದ ಸರದಿಯನ್ನು ಇಟ್ಟುಕೊಂಡು ನಾನೇನು ಮಾಡಲಿ? ಹೆದರಿಕೆಯಾಗುತ್ತಿದೆ, ಸುಳ್ಳೇಕೆ.

ಜನವರಿ 17, ಶನಿವಾರ

ಬಿಡುಗಡೆಯ ದಿನ ಗೊತ್ತು ಮಾಡಲು ಮೀಟಿಂಗ್ ಕರೆದಿದ್ದೆ. ನಡೆಯಲಿಲ್ಲ. ಬಂಡೆಯ ಟಿಪ್ಪಣಿ ಮುಗಿದಿಲ್ಲವಂತೆ, "ಇದೊಂದು ಆಗಿಬಿಡಲಿ, ಮುಂದಿನ ವಾರ ಕೂರೋಣ" ಅಂದರು. ತುರ್ತು ಅರ್ಧ ಗಂಟೆ ಮೊದಲೇ ಬಂದು, ಯಾರೂ ಇಲ್ಲವೆಂದು ಎದ್ದು ಹೋಗಿದ್ದ.

ದಿನ ಗೊತ್ತು ಮಾಡುವ ಮೀಟಿಂಗಿಗೇ ದಿನ ಗೊತ್ತಾಗುತ್ತಿಲ್ಲ. ನಕ್ಕೂ ನಕ್ಕೂ ಕಣ್ಣಲ್ಲಿ ನೀರು. ಇವರು ಬಂದು "ಏನಾಯ್ತು?" ಅಂದರು. ಹೇಳಿದೆ. ಅವರಿಗೆ ನಗು ಬರಲಿಲ್ಲ. ಪಾಪ, ಕನ್ನಡಕ ಬುಧವಾರ ಅಂದರೆ ಬುಧವಾರ ಕೊಡುವ ಮನುಷ್ಯ.

ಜನವರಿ 20, ಮಂಗಳವಾರ. ಸಂಜೆ 6

ಇವತ್ತಿನದು ಬಂಗಾರದಂಥ ದಿನ. ಬರೆಯುವ ಮೊದಲು ಇನ್ನೊಂದು ಚಹಾ.

ಮಾವ ಹಾಲಿನ ಗೋಡೆ ಗಡಿಯಾರಕ್ಕೆ ಕೀಲಿ ಕೊಡುತ್ತಿದ್ದರು. ದಿನಾ ಸಂಜೆ ಐದಕ್ಕೆ ಕೊಡುತ್ತಾರೆ. ಮೂವತ್ನಾಲ್ಕು ವರ್ಷ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದವರು. ಕೊರಳಲ್ಲಿ ಸೀಟಿ, ಕೈಯಲ್ಲಿ ವಾಚು. ರಿಟೈರಾಗಿ ಹತ್ತೊಂಬತ್ತು ವರ್ಷವಾದರೂ ಊಟಕ್ಕೆ ಎರಡು ನಿಮಿಷ ತಡವಾದರೆ ಅಡಿಗೆಮನೆ ಬಾಗಿಲಲ್ಲಿ ನಿಂತು ಕೆಮ್ಮುತ್ತಾರೆ.

"ಏನಮ್ಮ, ನಾಲ್ಕು ದಿನದಿಂದ ಮುಖ ಒಂಥರಾ ಇದೆ?" ಅಂದರು. ಹೇಳಿದೆ. ಎಲ್ಲ. ಆದಾಗ ಬಿಡುತ್ತೇವೆ, ಆಗುವುದೇ ಇಲ್ಲ, ಕೊನೇ ಗಳಿಗೆಯಲ್ಲಿ ಎಲ್ಲರೂ ಒಂದೊಂದು ತಂದು ತುರುಕುತ್ತಾರೆ ಎಂದು.

"ಓ, ತುಂಬಿದ್ ಮೇಲೆ ಹೊರಡೋ ಬಸ್ಸು" ಅಂದರು.

"ಅಂದ್ರೆ?"

"ನಾನು ಕೆಲ್ಸಕ್ಕೆ ಸೇರ್ದಾಗ ನಮ್ ನಿಲ್ದಾಣದಲ್ಲಿ ಹಂಗೇ ಇತ್ತು. ತುಂಬಿದ್ರೆ ಹೊರಡೋದು. ಜನ ಹೆಂಗ್ ನುಗ್ತಿದ್ರು ಅಂತೀಯಾ! ಕಿಟಕೀಲಿ ಟವೆಲ್ ಹಾಕೋರು, ಏಣಿ ಮೇಲೆ ನೇತಾಡೋರು. ಬಸ್ಸು ತುಂಬಿದ್ರೂ 'ಸ್ವಾಮೀ, ನಮ್ಮಣ್ಣ ಬರ್ತಾ ಇದಾನೆ, ಒಂದ್ನಿಮಿಷ' ಅನ್ನೋರು. ಯಾಕ್ ಹೇಳು? ಮುಂದಿನ ಬಸ್ಸು ಯಾವಾಗ ಅಂತ ಯಾರಿಗೂ ಗೊತ್ತಿಲ್ಲ. ಇದು ತಪ್ಪಿದ್ರೆ ಗತಿಯಿಲ್ಲ ಅಂತ ಜೀವಭಯ."

"ನೀವೇನು ಮಾಡಿದ್ರಿ?"

"ಬೋರ್ಡ್ ಹಾಕ್ದೆ. ಆರೂವರೆ, ಎಂಟೂವರೆ, ಹತ್ತೂವರೆ. ಖಾಲಿ ಇದ್ರೂ ಹೊರಡ್ಲಿ, ಯಾರ ಅಣ್ಣ ಬಂದ್ರೂ ನಿಲ್ಬೇಡಿ ಅಂದೆ. ಮೊದಲ ವಾರ ನನ್ನ ಅಂಗಿ ಹಿಡ್ಕೊಂಡು ಜಗಳಾಡಿದ್ರು. ಎರಡನೇ ವಾರ ಬೈದ್ರು. ಮೂರನೇ ವಾರ ನೋಡ್ತೀನಿ — ಎಂಟೂವರೇದು ತಪ್ಪಿದೋನು ಬೆಂಚ್ ಮೇಲೆ ಕೂತು ಪೇಪರ್ ಓದ್ತಾ ಇದಾನೆ!"

ಆ ಪೇಪರ್ ಓದುವವನನ್ನು ಕಣ್ಣಾರೆ ಕಂಡಂತಾಯಿತು. ಹದಿನಾಲ್ಕು ತಿಂಗಳಿಂದ ನಾವು ಮೂವರೂ ಏಣಿ ಮೇಲೆ ನೇತಾಡುತ್ತಿದ್ದೇವೆ, ಅಷ್ಟೇ. ಕೆಲಸ ಮುಗಿಯುವುದನ್ನು ಕಾಯಬೇಕಿಲ್ಲ. ಹೊರಡುವ ಹೊತ್ತು ಮೊದಲು ಹೇಳಬೇಕು. ಮುಗಿದದ್ದು ಹತ್ತಲಿ, ಮುಗಿಯದ್ದು ಮುಂದಿನದಕ್ಕೆ ಬರಲಿ. ಇಷ್ಟು ಸಣ್ಣ ವಿಷಯ!

"ಇನ್ನೊಂದು ಇದೆ ಕೇಳು, ಅದು ಇದಕ್ಕಿಂತ ಮುಖ್ಯ" ಎಂದು ಮಾವ ಶುರು ಮಾಡಿದರು. "ಆಮೇಲೆ ಮಾವ, ಆಮೇಲೆ" ಎಂದು ಓಡಿಬಂದು ಇಬ್ಬರಿಗೂ ಮೇಲ್ ಬರೆದೆ. ವಿಷಯ: 'ತುರ್ತು'. ನನ್ನ ಜೀವಮಾನದಲ್ಲೇ ಮೊದಲ ಸಲ.

ಜನವರಿ 24, ಶನಿವಾರ. ಮಧ್ಯಾಹ್ನ

ಮೀಟಿಂಗ್ ಆಯಿತು! ಕಂಪ್ಯೂಟರಿನಲ್ಲಿ ನಾಲ್ಕು ಮುಖ. ಲ್ಯಾಬಿನ ಅಕ್ಕನನ್ನೂ ಕರೆದಿದ್ದೆ. ದಿನಾಂಕ ಬೇಕಾದದ್ದು ಅವರಿಗೆ ತಾನೇ. ದೊಡ್ಡ ಕನ್ನಡಕ, ಹಿಂದೆ ಬೀರುವಿನ ತುಂಬ ಫೈಲು. ನನಗಿಂತ ಐದಾರು ವರ್ಷ ಚಿಕ್ಕವರು, ನಮ್ಮ ಅಕ್ಕ!

ಚೌಕಾಸಿ ಸಂತೆಯಲ್ಲಿ ನಡೆದ ಹಾಗೇ ನಡೆಯಿತು. ತುರ್ತು (ಅವನಿಗೆ ನಾನೂ ಅಕ್ಕನೇ): "ಎರಡು ವಾರಕ್ಕೊಂದು ಬಿಡೋಣ ಅಕ್ಕ." ಬಂಡೆ: "ಎರಡು ವರ್ಷಕ್ಕೊಂದು. ಅದೂ ಜಾಸ್ತಿ." ಒಂದು ತಿಂಗಳು ಎಂದು ತುರ್ತು ಏರಿದ, ಒಂದು ವರ್ಷ ಎಂದು ಬಂಡೆ ಇಳಿದರು. ಕೊನೆಗೆ ಲ್ಯಾಬಿನ ಅಕ್ಕ ಬಾಯಿಬಿಟ್ಟರು: "ಎರಡು ವಾರಕ್ಕೊಂದಾದ್ರೆ ನಾನು ಊಟ ಬಿಡ್ಬೇಕು. ಎರಡು ವರ್ಷಕ್ಕೊಂದಾದ್ರೆ ನೀವು ಅಷ್ಟರಲ್ಲಿ ಏನೇನು ತುರುಕಿರ್ತೀರೋ, ಬಿಚ್ಚಿ ನೋಡೋಕೇ ಭಯ. ನಾಲ್ಕು ತಿಂಗಳು ಮಾಡಿ. ನಾಲ್ಕು ತಿಂಗಳಿಗಾಗೋಷ್ಟು ಬದಲಾವಣೆ ಒಂದು ಮಧ್ಯಾಹ್ನದಲ್ಲಿ ನೋಡಿ ಮುಗಿಸ್ಬಹುದು."

ಯಾವ ವಾರ? ಸೋಮವಾರ ಬೇಡ, ಎರಡು ದಿನದ ರಕ್ತ ಒಟ್ಟಿಗೆ ಬರುತ್ತದೆ. ಶುಕ್ರವಾರ ಬೇಡ, ಕೆಟ್ಟರೆ ಕೇಳಲು ಯಾರೂ ಸಿಗುವುದಿಲ್ಲ. ಬುಧವಾರ ಮಧ್ಯಾಹ್ನ ಕೆಲಸ ಕಡಿಮೆ. ಹಾಗಾಗಿ — ಮಾರ್ಚ್, ಜುಲೈ, ನವೆಂಬರ್. ಎರಡನೇ ಬುಧವಾರ. ಹನ್ನೆರಡು ಗಂಟೆ. ಎರಡು ವಾರ ಮೊದಲು ಬಾಗಿಲು ಬಂದ್. ಆಮೇಲೆ ರಿಪೇರಿ ಮಾತ್ರ, ಹೊಸದು ಹತ್ತುವ ಹಾಗಿಲ್ಲ. ಪದೇ ಪದೇ ಬದಲಿಸಲಾಗದವರಿಗಾಗಿ ಜುಲೈ ಆವೃತ್ತಿಗೆ ಎರಡು ವರ್ಷ ರಿಪೇರಿ ಕೊಡುತ್ತೇವೆ. ಬಂಡೆ ಅಲ್ಲಿಗೆ ತಣ್ಣಗಾದರು.

ಕೊನೆಯದನ್ನು ಕೇಳಿ ಮಾವ "ನೈಟ್ ಹಾಲ್ಟ್ ಬಸ್ಸು" ಅಂದರು. ಊರಲ್ಲೇ ಉಳಿಯುವ ಬಸ್ಸು. ಇನ್ನು ಅದರ ಹೆಸರೇ ಅದು.

ಮೊದಲ ಬಸ್ಸು ಮಾರ್ಚ್ 11. ಲ್ಯಾಬಿನ ಅಕ್ಕ ಕ್ಯಾಲೆಂಡರ್ ಎಳೆದುಕೊಂಡು ಪೆನ್ನಿನಲ್ಲಿ ಗುಂಡಗೆ ಸುತ್ತಿದರು. ಕ್ಯಾಮೆರಾಕ್ಕೆ ಹಿಡಿದು ತೋರಿಸಿದರು ಕೂಡ.

ಫೆಬ್ರವರಿ 19, ಗುರುವಾರ

ಇಪ್ಪತ್ತಾರು ದಿನ ಬರೆದಿಲ್ಲ. ಪುರುಸೊತ್ತಿಲ್ಲ. ಸುಖವಾಗಿದ್ದೇನೆ.

ಮಾವ ಹಳೇ ಕಪ್ಪುಹಲಗೆ ಹುಡುಕಿ ತೆಗೆದು ಹಾಲಿನಲ್ಲಿ ನೇತುಹಾಕಿದ್ದಾರೆ. ಮೇಲೆ 'ಹೊರಡುವ ವೇಳೆ', ಕೆಳಗೆ ಮೂರು ತಾರೀಖು, ಪಕ್ಕದಲ್ಲಿ ಉಳಿದ ದಿನ. ದಿನಾ ಬೆಳಿಗ್ಗೆ ಒರೆಸಿ ಒಂದು ಕಡಿಮೆ ಮಾಡುತ್ತಾರೆ. ಕನ್ನಡಕ ಕೊಡಲು ಇವರು ಮನೆಗೆ ಕರೆತಂದ ಗಿರಾಕಿಯೊಬ್ಬರು ಅದನ್ನು ನೋಡಿ, ಎಲ್ಲಿಗೆ ಹೊರಟಿದ್ದೀರಿ ಎಂದು ಕೇಳಿದರು.

ಆಶ್ಚರ್ಯ ಇದು: ಜನ ನುಗ್ಗುತ್ತಿಲ್ಲ. ಎಲ್ಲಿಯವರೋ ಒಬ್ಬರು "ಇದು ಮಾರ್ಚಿಗೆ ಆಗಲ್ಲ, ಜುಲೈಗೆ ತರ್ತೀನಿ, ಪರವಾಗಿಲ್ಲ" ಎಂದು ಬರೆದಿದ್ದಾರೆ. ಪೇಪರ್ ಓದುವವನು ಸಿಕ್ಕಿಬಿಟ್ಟ! ಬಾಕಿ ಪಟ್ಟಿ ಮೂರಕ್ಕೆ ಇಳಿದಿದೆ.

ಮೂರರಲ್ಲಿ ಒಂದು ನನ್ನ ಕೈಬದಲು. ಬಾಗಿಲು 25ಕ್ಕೆ ಬಂದ್. ಆಗುತ್ತದೆ. ಆಗಲೇಬೇಕು.

ಫೆಬ್ರವರಿ 25, ಬುಧವಾರ. ಸಂಜೆ

ಆಗಲಿಲ್ಲ.

ಕಾಲೇಜಿಗೆ ರಜೆ ಹಾಕಿ ಕೂತಿದ್ದೆ. ಬೆಳಿಗ್ಗೆ ಹನ್ನೊಂದಕ್ಕೆ ಕೊನೆಯ ಪರೀಕ್ಷೆ. ಯಂತ್ರ ನಿಲ್ಲಿಸಿದೆ, ಕೆಲಸ ಪಕ್ಕದ್ದಕ್ಕೆ ಹೋಯಿತು. ಸರಿ. ಇನ್ನೊಮ್ಮೆ ನಿಲ್ಲಿಸಿದೆ — ಒಂದೇ ಕೆಲಸ ಎರಡು ಕಡೆಯೂ ಹೋಯಿತು. ಒಬ್ಬರ ರಕ್ತಕ್ಕೆ ಎರಡು ರಿಪೋರ್ಟು! ಕಾರಣ ಗೊತ್ತು, ಎರಡು ದಿನದ ಕೆಲಸ. ಹನ್ನೊಂದೂ ಇಪ್ಪತ್ತಕ್ಕೆ ಇಬ್ಬರಿಗೂ ಬರೆದೆ: "ಬಾಗಿಲನ್ನು ಎರಡು ದಿನ ತೆರೆದಿಡೋಣವಾ? ಇದೊಂದು ಆಗಿಬಿಡಲಿ."

ಬಂಡೆಯ ಉತ್ತರ ನಾಲ್ಕೇ ನಿಮಿಷದಲ್ಲಿ ಬಂತು. ಜೀವಮಾನದಲ್ಲಿ ನಾಲ್ಕು ದಿನಕ್ಕಿಂತ ಮೊದಲು ಉತ್ತರ ಕೊಟ್ಟವರಲ್ಲ. "ಯಾರ ಅಣ್ಣ ಬಂದ್ರೂ ನಿಲ್ಬೇಡಿ ಅಂತ ನೀವೇ ಬರೆದಿದ್ರಿ. ಮುಂದಿನ ಬಸ್ಸು ಜುಲೈ 8."

ಕಂಪ್ಯೂಟರ್ ಮುಚ್ಚಿ ಹೊರಗೆ ಹೋದೆ. ಅವಮಾನ. ಮೂರು ವರ್ಷ! ಮನೆ ಹತ್ತಿರದ ಪಾರ್ಕಿನ ಸುತ್ತ ಎರಡು ಸುತ್ತು ಬಂಡೆಯನ್ನು ಬೈದುಕೊಂಡು ನಡೆದೆ, ಮೂರನೆಯದರಲ್ಲಿ ನಗು ಬಂತು. ನನ್ನ ಮಾತು ನನಗೇ ತಿರುಗಿಸಿ ಹೇಳುವಷ್ಟು ಚೆನ್ನಾಗಿ ಓದಿಕೊಂಡಿದ್ದಾರೆ, ಮಹಾರಾಯರು. ಬೆಂಚು ಖಾಲಿ ಇತ್ತು. ಕೂತೆ. ಓದಲು ಪೇಪರ್ ಇರಲಿಲ್ಲ, ಅಷ್ಟೇ.

ಮನೆಗೆ ಬಂದಾಗ ಇವರು ಏನೂ ಕೇಳದೆ ಚಹಾ ಮಾಡಿಕೊಟ್ಟರು.

ಮಾರ್ಚ್ 10, ಮಂಗಳವಾರ. ಮಧ್ಯಾಹ್ನ 4.05

ಬಿಟ್ಟೆವು! ಬಿಟ್ಟೆವು!

ಬೆಳಿಗ್ಗೆಯೇ ಎಲ್ಲ ಪರೀಕ್ಷೆ ಮುಗಿದಿತ್ತು. ಒಂದೂ ತಪ್ಪಿಲ್ಲ. ನಾಲ್ಕಕ್ಕೆ ಐದು ನಿಮಿಷ ಇರುವಾಗ ತುರ್ತು ಫೋನ್ ಮಾಡಿ "ಅಕ್ಕ, ರೆಡಿ ಇರೋದನ್ನ ಇಟ್ಕೊಂಡು ನಾಳೆ ತನಕ ಯಾಕೆ ಕೂರೋದು? ಹದಿನಾರು ತಿಂಗಳು ತಡ ಮಾಡಿದೋರು ಒಂದ್ಸಲ ಮೊದ್ಲೇ ಕೊಡೋಣ!" ಅಂದ. ಕಿವಿಗೆ ಜೇನು. ಬಂಡೆಗೆ ಫೋನ್ ಮಾಡಿದರೆ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದು ಕೂತಿದ್ದರು, ಮಾತಾಡುವಂತಿಲ್ಲ. ಗುಂಡಿ ಒತ್ತಿದೆ.

ಇಪ್ಪತ್ತು ಗಂಟೆ ಮೊದಲು! ನಾವು! ಕೋಣೆಯಲ್ಲಿ ಒಬ್ಬಳೇ ಒಂದು ಸುತ್ತು ಕುಣಿದೆ. ನಲವತ್ತಾರು ವರ್ಷದ ಹೆಂಗಸು. ಯಾರೂ ನೋಡಲಿಲ್ಲ.

ಅದೇ ದಿನ. ಸಂಜೆ 6.30

ಕುಣಿದದ್ದನ್ನು ಅಳಿಸಿಬಿಡೋಣ ಅನಿಸಿತು. ಇರಲಿ.

ಮಾವ ನಡಿಗೆ ಮುಗಿಸಿ ಬಂದರು. "ಮಾವ, ಬಸ್ಸು ಹೊರಟೋಯ್ತು!" ಅಂದೆ.

"ನಾಳೆ ಅಲ್ವೇನಮ್ಮ?"

"ಇಪ್ಪತ್ತು ಗಂಟೆ ಮೊದ್ಲೇ!"

ನಗಲಿಲ್ಲ. ಚಪ್ಪಲಿಯನ್ನೂ ಬಿಚ್ಚದೆ ಕೂತರು. "ಅವತ್ತು ಇನ್ನೊಂದು ಇದೆ ಅಂದೆ, ನೀನು ಕೇಳ್ಲಿಲ್ಲ. ಐದು ನಿಮಿಷ ತಡ ಆದ್ರೆ ಜನ ಬೈತಾರೆ, ಹತ್ತಿ ಕೂತ್ ಮೇಲೆ ಮರೀತಾರೆ. ಒಂದು ನಿಮಿಷ ಮೊದ್ಲು ಬಿಟ್ರೆ, ಬೋರ್ಡ್ ನಂಬ್ಕೊಂಡು ಬಂದೋರು ಖಾಲಿ ಜಾಗ ನೋಡ್ತಾ ನಿಲ್ತಾರೆ. ಅವ್ರ ಮುಖ ನೋಡೋಕಾಗಲ್ಲಮ್ಮ. ನಾನೂ ಒಂದ್ಸಲ ಬಿಟ್ಟಿದ್ದೆ."

ಅಷ್ಟರಲ್ಲಿ ಫೋನಿಗೆ ಮೆಸೇಜು. ಲ್ಯಾಬಿನ ಅಕ್ಕ. ಒಂದೇ ಸಾಲು:

"ದಿನಾಂಕ ನೋಡಿಕೊಂಡು ತಂಗಿ ಮನೆಗೆ ಬಂದಿದ್ದೆ."

ಮಾರ್ಚ್ 11, ಬುಧವಾರ

ಫೋನ್ ಮಾಡಿ ತಪ್ಪಾಯಿತು ಎಂದೆ. ನಡೆದದ್ದು ಇದು. ಹೊಸ ಆವೃತ್ತಿಯಲ್ಲಿ ಒಂದು ಸೆಟ್ಟಿಂಗಿನ ಹೆಸರು ಬದಲಾಗಿದೆ. ಅದನ್ನು ಪ್ರತಿ ಲ್ಯಾಬಿನಲ್ಲೂ ತಿದ್ದಬೇಕು. ಬುಧವಾರ ಹನ್ನೊಂದಕ್ಕೆ ಸೀಟಿಗೆ ಬಂದು ತಿದ್ದುವ ಲೆಕ್ಕ ಹಾಕಿ, ಎರಡು ದಿನ ರಜೆ ಹಾಕಿ ತಂಗಿ ಮನೆಗೆ ಹೋಗಿದ್ದರು. ನಿನ್ನೆ ನಾಲ್ಕಕ್ಕೆ ಯಂತ್ರಗಳು ತಾವಾಗಿ ಹೊಸದನ್ನು ಹಾಕಿಕೊಂಡವು. ಆ ಹೊತ್ತಿನಲ್ಲಿ ಕೆಲಸವಿದ್ದ ಹನ್ನೊಂದು ಲ್ಯಾಬಿನಲ್ಲಿ ಸಾಲು ಐವತ್ತು ನಿಮಿಷ ನಿಂತಿತು. ಜೊತೆಯವಳಿಗೆ ಫೋನಿನಲ್ಲೇ ಹೇಳಿಕೊಟ್ಟು, ಎಲ್ಲ ಸರಿಯಾಗುವವರೆಗೆ ತಂಗಿ ಮನೆ ಬಾಗಿಲಲ್ಲಿ ನಿಂತೇ ಇದ್ದರಂತೆ, ಆಮೇಲೆ ಬ್ಯಾಗ್ ಎತ್ತಿಕೊಂಡು ವಾಪಸ್. ಯಾರಿಗೂ ಅಪಾಯವಾಗಿಲ್ಲ. ರಿಪೋರ್ಟು ತಡವಾಯಿತು, ಅಷ್ಟೇ. ಅಷ್ಟೇ ಅಂದರೆ ನನಗೆ ಸಮಾಧಾನವಿಲ್ಲ.

"ಮಧ್ಯಾಹ್ನ ಬರ್ತೀವಿ ಅಂದು ಬೆಳಗ್ಗೇನೇ ಬಾಗಿಲು ಬಡಿಯೋ ನೆಂಟರು ಇರ್ತಾರಲ್ಲ ಮೇಡಂ, ಅಂಥೋರು ನೀವು" ಅಂದರು.

"ಬಿಟ್ಟು ಹೋಗ್ತೀರಾ?" ಅಂದೆ.

"ಕ್ಯಾಲೆಂಡರಲ್ಲಿ ಜುಲೈ ಎಂಟು ಬರ್ಕೊಂಡಿದೀನಿ. ಪೆನ್ಸಿಲಲ್ಲಿ" ಅಂದರು.

ಮಾರ್ಚ್ 20, ಶುಕ್ರವಾರ

ನಡೆದದ್ದನ್ನು ಎಲ್ಲರಿಗೂ ಕಾಣುವ ಹಾಗೆ ಸರದಿಯ ಪುಟದಲ್ಲೇ ಬರೆದೆ. ಗುಂಡಿ ಒತ್ತಿದ್ದು ನಾನು ಎಂದೂ ಬರೆದೆ. "ಐಡಿಯಾ ನಂದು, ನನ್ನ ಹೆಸರೂ ಹಾಕಿ ಅಕ್ಕ" ಎಂದು ತುರ್ತು ಹಟ ಹಿಡಿದ. ಬಂಡೆ ಕೇಳಿದರು: "ನಾನು ಬಾಯಿ ತೆಗೆದು ಕೂತಿದ್ದ ದಿನವೇ ಸಿಕ್ತಾ ನಿಮಗೆ?"

ತುರ್ತು ಎರಡು ದಿನ ಕೂತು ಗುಂಡಿಗೆ ಒಂದು ಬೀಗ ಬರೆದಿದ್ದಾನೆ. ಬೋರ್ಡಿನ ಹೊತ್ತಿಗೆ ಮೊದಲು ಒತ್ತಿದರೆ ಬಿಡುಗಡೆ ಆಗುವುದಿಲ್ಲ, ಒಂದು ಸಾಲು ಬರುತ್ತದೆ — "ಇನ್ನೂ ಹೊತ್ತಾಗಿಲ್ಲ, ಕೂತ್ಕೊಳ್ಳಿ." ಮಾವನಿಗೆ ತೋರಿಸಿದೆ. ನಾಲ್ಕು ಸಲ ಒತ್ತಿಸಿ ನೋಡಿದರು. ಐದನೇ ಸಲ ತಾವೇ ಒತ್ತಿದರು.

ಜೂನ್ 17, ಬುಧವಾರ

ಮೂರು ತಿಂಗಳಾಯಿತು ಬರೆದು. ಎಲ್ಲ ದಿನವೂ ಒಂದೇ ಥರ — ಕಾಲೇಜು, ಕೈಬದಲು, ಸಂಜೆ ಮಾವನ ಜೊತೆ ಪಾರ್ಕಿಗೆ. ಅವಸರವಿಲ್ಲದೆ ಬರೆದರೆ ಕೋಡು ಎಷ್ಟು ಸಣ್ಣದಾಗುತ್ತದೆ! ಹಳೆಯದರಲ್ಲಿ ಅರ್ಧದಷ್ಟನ್ನು ಕಿತ್ತೆಸೆದೆ. ಮಾರ್ಚಿನಲ್ಲಿ ಹತ್ತಿಸಿದ್ದರೆ ಎರಡೆರಡು ರಿಪೋರ್ಟು ಕಳಿಸಿ ಮಾನ ಕಳೆದುಕೊಳ್ಳುತ್ತಿದ್ದೆ.

ಇವತ್ತು ಕೈಬದಲು ಒಳಗೆ ಹೋಯಿತು. ಬಾಗಿಲು ಮುಚ್ಚಲು ಇನ್ನೂ ಒಂದು ವಾರ ಇದೆ. ನೋಡಿ ಒಪ್ಪಿದವರು ಬಂಡೆ. "ಚೆನ್ನಾಗಿದೆ" ಎಂದು ಬರೆದಿದ್ದಾರೆ. ಒಂಬತ್ತು ವರ್ಷದಲ್ಲಿ ಅವರು ಹೀಗೆ ಬರೆದದ್ದು ಇದೇ ಮೊದಲು. ಆ ಪುಟದ ಪ್ರಿಂಟ್ ತೆಗೆದು ಇಲ್ಲಿ ಅಂಟಿಸಿದ್ದೇನೆ.

ಜುಲೈ 5, ಭಾನುವಾರ. ಬೆಳಿಗ್ಗೆ 11

ಎಲ್ಲ ಸಿದ್ಧ. ಮೂರು ದಿನ ಮೊದಲೇ. ಯಾರೂ ಏನೂ ಮುಟ್ಟುತ್ತಿಲ್ಲ. ತುರ್ತು ಕೈಕಟ್ಟಿ ಕೂರಲಾಗದೆ ಮನೆಯ ಫ್ಯಾನ್ ಬಿಚ್ಚಿ ಒರೆಸುತ್ತಿದ್ದಾನಂತೆ. ಎರಡನೇ ಫ್ಯಾನ್.

ಈಗಷ್ಟೇ ಲ್ಯಾಬಿನ ಅಕ್ಕನ ಫೋನು.

"ಮೇಡಂ, ಬುಧವಾರ ನಾನು ಸೀಟಲ್ಲಿ ಇರಲ್ಲ."

"ಅಯ್ಯೋ, ಯಾಕೆ?"

"ತಂಗಿ ಮನೇಲಿ ಇರ್ತೀನಿ. ಹನ್ನೆರಡಕ್ಕೆ ಏನ್ ಮಾಡ್ಬೇಕು ಅಂತ ಜೊತೆಯವಳಿಗೆ ಬರೆದುಕೊಟ್ಟಿದೀನಿ, ಎರಡು ಸಲ ಮಾಡಿಸಿ ನೋಡಿದೀನಿ. ದಿನ ಗೊತ್ತಿದ್ರೆ ಯಾರು ಬೇಕಾದ್ರೂ ಮಾಡ್ಬಹುದು ಅಲ್ವಾ? ಕ್ಯಾಲೆಂಡರಲ್ಲಿ ಪೆನ್ಸಿಲ್ ಮೇಲೆ ಪೆನ್ನಾಡಿಸ್ದೆ." ಆಮೇಲೆ ಅಂದರು: "ಇನ್ನೊಂದು ಮಾತು. ನಮ್ ತಂಗಿ ಊರಲ್ಲಿ ಸಮುದ್ರ ಇದೆ. ನೀವೂ ಬನ್ನಿ. ಮಾವನೋರನ್ನೂ ಕರ್ಕೊಂಡ್ ಬನ್ನಿ, ನೋಡ್ಬೇಕು ಅವರನ್ನ."

"ಬುಧವಾರ ನಾನು ಗುಂಡಿ ಒತ್ಬೇಕಲ್ಲ" ಅಂದೆ.

"ಯಾಕೆ, ನಿಮ್ ಕಡೆ ಕೈಬದಲು ಇಲ್ವಾ?"

ಜುಲೈ 7, ಮಂಗಳವಾರ. ಸಂಜೆ 5.15

ಕೊಟ್ಟುಬಿಟ್ಟೆ. ಒಂಬತ್ತು ವರ್ಷದಿಂದ ನನ್ನೊಬ್ಬಳ ಹತ್ತಿರ ಇದ್ದ ಬಿಡುಗಡೆಯ ಕೀಲಿಯಲ್ಲಿ ಬಂಡೆಗೂ ಪಾಲು. ನಾಳೆ ಒತ್ತುವುದು ಅವರು. ತುರ್ತುವಿಗೆ ಬೇಜಾರಾಗಬಹುದೆಂದು ಹೆದರಿದ್ದೆ. "ಬೇಡ ಅಕ್ಕ, ಹನ್ನೊಂದೂ ಐವತ್ತೆಂಟಕ್ಕೆ ನನ್ನ ಕೈ ನಂಗೇ ನಂಬಿಕೆ ಇಲ್ಲ" ಅಂದ.

ಬಂಡೆ ಕೇಳಿದ್ದು ಒಂದೇ ಪ್ರಶ್ನೆ: "ಲ್ಯಾಪ್‌ಟಾಪ್ ತಗೊಂಡ್ ಹೋಗ್ತೀರೇನ್ರೀ?" ಇಲ್ಲ ಅಂದೆ. "ಹೇಳಿದ್ಮೇಲೆ ಮಾತಿಗೆ ತಪ್ಪಬೇಡಿ" ಅಂದರು. ನನ್ನ ಕೋಣೆಯ ಮೇಜಿನ ಮೇಲಿದೆ, ಮುಚ್ಚಿ. ಎರಡು ಸಲ ಹೋಗಿ ನೋಡಿ ಬಂದೆ. ಇವರು ಬಾಗಿಲಿಗೆ ಚಿಲಕ ಹಾಕಿ ಅಡ್ಡ ನಿಂತರು.

ಬಸ್ಸು ಆರಿಸಿದವರು ಮಾವ. ಏಳೂವರೆಯದಿದೆ, ಹತ್ತರದಿದೆ. "ಹನ್ನೆರಡರದ್ದಕ್ಕೆ ಹೋಗೋಣ" ಎಂದರು. ಯಾಕೆಂದು ಕೇಳಲಿಲ್ಲ. ಹಲಗೆಯ ಮೇಲೆ ಇವತ್ತು '1' ಇದೆ. ನಾಳೆ ಬೆಳಿಗ್ಗೆ ಒರೆಸುವುದಿಲ್ಲವಂತೆ, ಬಂದ ಮೇಲೆ ಒರೆಸುತ್ತಾರಂತೆ.

ಜುಲೈ 8, ಬುಧವಾರ. 11.48, ಬಸ್ಸಿನೊಳಗೆ

ಮೂರು ಜನರ ಸೀಟು. ಕಿಟಕಿ ಪಕ್ಕ ನಾನು, ನಡುವೆ ಮಾವ, ಆ ಕಡೆ ಇವರು. ಇವರು ಕೂತ ತಕ್ಷಣ ನಿದ್ದೆ, ಕನ್ನಡಕ ಮೂಗಿನ ತುದಿಯಲ್ಲಿ. ಅಂಗಡಿ ಬಾಗಿಲಿಗೆ 'ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ತೆರೆಯುತ್ತದೆ' ಎಂದು ಬರೆದು ಅಂಟಿಸಿ ಬಂದಿದ್ದಾರೆ. ಗಂಟೆ ಹಾಕಿ ಎಂದು ಹೇಳಿದವರು ಮಾವ.

ಬಸ್ಸು ಅರ್ಧ ಖಾಲಿ. ಬೆಂಚಿನ ಮೇಲೆ ಒಬ್ಬ ಪೇಪರ್ ಓದುತ್ತಿದ್ದಾನೆ, ನಿಜಕ್ಕೂ! ಮಾವನಿಗೆ ತೋರಿಸಿದೆ. ಕನ್ನಡಕ ಏರಿಸಿ ನೋಡಿ, ತಾವೇ ಕೂರಿಸಿದವರ ಹಾಗೆ ತಲೆಯಾಡಿಸಿದರು.

11.55. ಬಂಡೆ ಈಗ ಏನು ಮಾಡುತ್ತಿರಬಹುದು? ಏನೂ ಇಲ್ಲ. ಸುಮ್ಮನೆ ಕೂತಿರುತ್ತಾರೆ. ಅದರಲ್ಲಿ ಅವರನ್ನು ಮೀರಿಸುವವರಿಲ್ಲ. ಲ್ಯಾಬಿನ ಅಕ್ಕನ ಮೆಸೇಜು: "ನಾಲ್ಕೂವರೆಗೆ ಸ್ಟಾಂಡಲ್ಲಿ ನಿಂತಿರ್ತೀನಿ. ಹಸಿರು ಕೊಡೆ. ತಂಗೀನೂ ಬರ್ತಾಳೆ." ಇಷ್ಟು ಸಂತೋಷವನ್ನು ಎಲ್ಲಿಟ್ಟುಕೊಳ್ಳಲಿ ತಿಳಿಯುತ್ತಿಲ್ಲ.

11.58. ಡ್ರೈವರ್ ಹತ್ತಿ ಕೂತ. ಇಂಜಿನ್ ಶುರು. ಅಕ್ಷರ ಸೊಟ್ಟಗಾಗುತ್ತಿದೆ. "ಇನ್ನೂ ಎರಡು ನಿಮಿಷ ಇದೆಯಪ್ಪಾ" ಎಂದು ಮಾವ ಇಲ್ಲಿಂದಲೇ ಕೂಗಿದರು. ಡ್ರೈವರ್ ತಿರುಗಿ ನೋಡಿ ನಕ್ಕ, ಗೇರ್ ಬಿಟ್ಟು ಕೂತ. ಬಾಗಿಲಲ್ಲಿ ಒಬ್ಬಳು ಹೆಂಗಸು ಮಗು ಎತ್ತಿಕೊಂಡು ಓಡಿಬಂದು ಹತ್ತಿದಳು. ಸಿಕ್ಕಿತು ಅವಳಿಗೆ!

ಮಾವ ವಾಚು ನೋಡುತ್ತಿದ್ದಾರೆ. ತುಟಿ ಅಲುಗುತ್ತಿದೆ, ಎಣಿಸುತ್ತಿದ್ದಾರೆ.

"ಹನ್ನೆರಡು" ಅಂದರು.

ಸೀಟಿ. ಬಸ್ಸು ಕದಲಿತು. ಅದೇ ಗಳಿಗೆಗೆ ಮಡಿಲಲ್ಲಿ ಫೋನು ಗುಂಯ್ ಅಂತು. ಬಂಡೆ: "ಹೊರಟಿತು."

"ಪುಸ್ತಕ ಮುಚ್ಚಮ್ಮ, ಹೊರಗೆ ನೋಡು" ಅನ್ನುತ್ತಿದ್ದಾರೆ ಮಾವ. ಮುಚ್ಚುತ್ತೇನೆ ಮಾವ, ಮುಚ್ಚಿದೆ, ಇದೊಂದು